ಛೇಂಬರ್ ಸದಸ್ಯತ್ವ ಕಡ್ಡಾಯ ಮಾಡುವ ಮುಂಚೆ ಲೆಕ್ಕದ ಪುಸ್ತಕ ತೋರಿಸಿ

ಮಾನ್ಯ ಸಂಪಾದಕರೆ,

ಹೋದ ವಾರ ನಮ್ಮ ಕೈಗಾರಿಕಾ ಪ್ರದೇಶದಲ್ಲಿ ಒಂದು ಸಭೆ ಇತ್ತು. ಕರೆಂಟ್ ಬಿಲ್ಲು, ರಸ್ತೆ ಗುಂಡಿ, ಆಸ್ತಿ ತೆರಿಗೆ ಎಲ್ಲ ಮಾತಾಡಿ ಮುಗಿಯಿತು. ಇನ್ನೇನು ಎಲ್ಲರೂ ಊಟಕ್ಕೆ ಏಳಬೇಕು ಅನ್ನುವಾಗ ಹಿರಿಯರೊಬ್ಬರು ಮೈಕ್ ತಗೊಂಡರು. "ಚಂದಾ ಕಟ್ಟುವವರು ನಾವು ನಾಲ್ಕು ಜನ, ಲಾಭ ತಗೊಳ್ಳುವವರು ಊರೆಲ್ಲ. ಟ್ರೇಡ್ ಲೈಸೆನ್ಸ್ ಕೊಡುವಾಗಲೇ ಛೇಂಬರ್, ಅಂದರೆ ವ್ಯಾಪಾರಿ-ಕೈಗಾರಿಕೆ ಸಂಘದ, ಸದಸ್ಯತ್ವ ಕಡ್ಡಾಯ ಮಾಡಿ ಅಂತ ಸರ್ಕಾರಕ್ಕೆ ಮನವಿ ಕೊಡೋಣ. ಜರ್ಮನಿಯಲ್ಲಿ ಹಾಗೇ ಇದೆ" ಎಂದರು. ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ, ಸುಳ್ಳು ಯಾಕೆ ಹೇಳಲಿ. ಚಂದಾ ಕಟ್ಟದ ಪಕ್ಕದ ಶೆಡ್ಡಿನವನ ಮುಖ ನೆನಪಾಗಿ ಸ್ವಲ್ಪ ಜೋರಾಗೇ ತಟ್ಟಿದೆ.

ಮನೆಗೆ ಬಂದ ಮೇಲೆ ಅನುಮಾನ ಶುರುವಾಯಿತು. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗಬಹುದು, ಜಾಗ ಇದ್ದಷ್ಟು ಹಾಕಿಕೊಳ್ಳಿ.

ನಾನು ಪೀಣ್ಯದಲ್ಲಿ ಒಂದು ಸಣ್ಣ ಮಷೀನ್ ಶಾಪ್ ನಡೆಸುತ್ತೇನೆ. ಕಂಪ್ಯೂಟರ್‌ನಿಂದ ನಡೆಯುವ ಎರಡು ಸಿಎನ್‌ಸಿ ಮಷೀನ್, ಮೂರು ಹಳೇ ಲೇತ್, ಒಂಬತ್ತು ಜನ ಕೆಲಸದವರು. ಹೆಚ್ಚಿನದು ಬೇರೆ ಕಂಪನಿಗಳಿಗೆ ಮಾಡಿಕೊಡುವ ಜಾಬ್ ವರ್ಕ್, ವರ್ಷಕ್ಕೆ ಒಂದೆರಡು ಸಲ ಹೊರದೇಶಕ್ಕೂ ಸ್ವಲ್ಪ ಮಾಲು ಹೋಗುತ್ತದೆ. ಸಂಘಕ್ಕೆ ಚಂದಾ ಕಟ್ಟುವ ಪೈಕಿ ನಾನು. ಸಂಘಗಳಿಂದ ಏನೂ ಆಗಲ್ಲ ಅನ್ನುವವನಲ್ಲ. ಕರೆಂಟ್ ದರ ಏರಿಸಬೇಕು ಅಂತ ಕಂಪನಿಗಳು ಅರ್ಜಿ ಹಾಕಿದಾಗಲೆಲ್ಲ ದರ ನಿಗದಿ ಮಾಡುವ ರಾಜ್ಯದ ಆಯೋಗ ಕೆಇಆರ್‌ಸಿ ಮುಂದೆ ಆಕ್ಷೇಪಣೆ ಬರೆದು, ವಿಚಾರಣೆ ದಿನ ಫೈಲ್ ಹಿಡಿದು ಹೋಗಿ ಕೂರುವವರು ಯಾರು? ಲೇತ್ ಬಿಟ್ಟು ನಾನಂತೂ ಹೋಗಲ್ಲ. ಸಂಘದವರೇ ಹೋಗಬೇಕು. ಅವರು ವಾದ ಮಾಡಿ ಯೂನಿಟ್‌ಗೆ ಹತ್ತು ಪೈಸೆ ಉಳಿಸಿದರೆ ಚಂದಾ ಕಟ್ಟಿದ ನನಗೂ ಹತ್ತು ಪೈಸೆ, ಒಂದು ರೂಪಾಯಿನೂ ಕಟ್ಟದ ಪಕ್ಕದ ಶೆಡ್ಡಿನವನಿಗೂ ಹತ್ತು ಪೈಸೆ. ಅವನನ್ನು ಕೇಳಿದರೆ "ನಾನು ಸೇರದಿದ್ದರೂ ಕೆಲಸ ಆಗುತ್ತಲ್ವಾ ಸಾರ್" ಅಂತಾನೆ. ಅವನ ಮಾತು ನಿಜ. ಹೊಟ್ಟೆ ಉರಿಯೋದೂ ಅದಕ್ಕೇ.

ಹಾಗಾಗಿ ಕಡ್ಡಾಯ ಮಾಡಿ ಅನ್ನುವ ಮಾತು ತಲೆ ಕೆಟ್ಟವರ ಮಾತೇನಲ್ಲ. ಆದರೆ ಜರ್ಮನಿ ಹೆಸರು ತೆಗೆದರಲ್ಲ, ಅಲ್ಲಿ ಹೇಗಿದೆ ಅಂತ ಸ್ವಲ್ಪ ವಿಚಾರಿಸಿದೆ. ನಮ್ಮಕ್ಕನ ಮಗ ಸ್ಟುಟ್‌ಗಾರ್ಟ್ ಹತ್ತಿರ ಒಂದು ದಿನಸಿ ಅಂಗಡಿ ಇಟ್ಟಿದ್ದಾನೆ. ಸೋನಾ ಮಸೂರಿ, ರಾಗಿ ಹಿಟ್ಟು, ಹುಣಸೆಹಣ್ಣು, ಶುಕ್ರವಾರ ಬಂದರೆ ಕರಿಬೇವು. ಅಂಗಡಿ ತೆರೆಯುವಾಗ ಊರಿನ ಪುರಸಭೆ ಕಚೇರಿಗೆ ಹೋಗಿ ವ್ಯಾಪಾರ ನೋಂದಾಯಿಸಿಕೊಂಡನಂತೆ, ಅಷ್ಟೇ. ಕೆಲವು ವಾರ ಕಳೆದ ಮೇಲೆ ಛೇಂಬರ್‌ನಿಂದ ಪತ್ರ ಬಂತು, ನೀವೀಗ ನಮ್ಮ ಸದಸ್ಯರು ಅಂತ. "ಮಾವ, ನಾನು ಅರ್ಜಿನೇ ಹಾಕಿರಲಿಲ್ಲ" ಅಂತ ನಗುತ್ತಾನೆ. ಅಲ್ಲಿ ಅರ್ಜಿ ಹಾಕುವ ಪದ್ಧತಿಯೇ ಇಲ್ಲ. ವ್ಯಾಪಾರ ಶುರು ಮಾಡಿದರೆ ಸದಸ್ಯ ಆದ ಹಾಗೇ. 1956ರ ಕಾಯ್ದೆ ಇದು. ತಮಾಷೆ ಅಂದರೆ ಆ ಕಾಯ್ದೆಯ ಹೆಸರಿನಲ್ಲೇ 'ತಾತ್ಕಾಲಿಕ' ಅನ್ನುವ ಪದ ಇತ್ತು. ತಾತ್ಕಾಲಿಕ ಅಂದದ್ದು ಶಾಶ್ವತ ಆಗುವುದು ನಮ್ಮಲ್ಲಿ ಮಾತ್ರ ಅಂದುಕೊಂಡಿದ್ದೆ.

ಇಡೀ ದೇಶವನ್ನು 79 ಪ್ರದೇಶ ಮಾಡಿ ಒಂದೊಂದು ಪ್ರದೇಶಕ್ಕೆ ಒಂದೇ ಕೈಗಾರಿಕೆ-ವಾಣಿಜ್ಯ ಛೇಂಬರ್. ಬಡಗಿ, ಕ್ಷೌರಿಕ, ಬೇಕರಿ ಇಂಥ ಕೈಕಸುಬಿನವರಿಗೆ ಬೇರೆ ಛೇಂಬರ್ ಇದೆ, ವಕೀಲರು, ವೈದ್ಯರಿಗೆ ಅವರವರದ್ದು. ಶುಲ್ಕ ಎರಡು ಭಾಗ. ಒಂದು ಮೂಲ ಶುಲ್ಕ, ಇನ್ನೊಂದು ಲಾಭದ ಮೇಲೆ ಇಷ್ಟು ಪಾಲು ಅಂತ. ಹೀಗಾಗಿ ದೊಡ್ಡ ಕಾರ್ಖಾನೆಯ ಶುಲ್ಕವೇ ಬೇರೆ, ನಮ್ಮ ಹುಡುಗನ ಶುಲ್ಕವೇ ಬೇರೆ. ಕಂಪನಿ ರಿಜಿಸ್ಟರ್‌ನಲ್ಲಿ ಇಲ್ಲದ ಒಬ್ಬಂಟಿ ವ್ಯಾಪಾರಿಯ ವರ್ಷದ ಲಾಭ 5,200 ಯೂರೋ ದಾಟದಿದ್ದರೆ ಏನೂ ಕಟ್ಟಬೇಕಿಲ್ಲ. ಹೊಸಬರಿಗೂ ಮೊದಲ ವರ್ಷಗಳಲ್ಲಿ ವಿನಾಯಿತಿ ಇದೆ. ಇವನು ಈಗ ವರ್ಷಕ್ಕೆ ನೂರು ಯೂರೋ ಒಳಗೆ ಕಟ್ಟುತ್ತಾನೆ. ಗೊಣಗಿಕೊಂಡೇ ಕಟ್ಟುತ್ತಾನೆ.

ಹಾಗಾದರೆ ಅವರು ಯಾಕೆ ಇದನ್ನು ಬಿಟ್ಟಿಲ್ಲ? ಭಾಷಣ ಮಾಡುವುದಕ್ಕೆ ಅಲ್ಲ, ಮುಖ್ಯವಾಗಿ ಹುಡುಗರ ತರಬೇತಿಗೆ. ಅಲ್ಲಿ ಕಸುಬು ಕಲಿಯುವ ಹುಡುಗ ವಾರದಲ್ಲಿ ಕೆಲವು ದಿನ ಕಾರ್ಖಾನೆಯಲ್ಲಿ, ಕೆಲವು ದಿನ ಶಾಲೆಯಲ್ಲಿ ಇರುತ್ತಾನೆ. ಕಾರ್ಖಾನೆ ಸರಿಯಾಗಿ ಕಲಿಸುತ್ತಿದೆಯಾ ಅಂತ ನೋಡುವುದು ಛೇಂಬರ್, ಕೊನೆಗೆ ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡುವುದೂ ಛೇಂಬರ್. ಪರೀಕ್ಷೆ ಮಾಡುವ ಮೇಷ್ಟ್ರುಗಳಲ್ಲಿ ಬಹಳ ಜನ ಕಾರ್ಖಾನೆಗಳಿಂದಲೇ ಬಂದವರು, ಸಂಬಳ ಇಲ್ಲದೆ ಮಾಡುತ್ತಾರೆ. ಆ ಸರ್ಟಿಫಿಕೇಟ್ ಹಿಡಿದರೆ ದೇಶದ ಯಾವ ಮೂಲೆಯಲ್ಲಾದರೂ ಕೆಲಸ.

ಇದು ನನಗೆ ತಕ್ಷಣ ಅರ್ಥವಾಯಿತು, ಯಾಕೆಂದರೆ ನನ್ನ ಶೆಡ್ಡಿನಲ್ಲೇ ನಡೆದದ್ದು. ಐಟಿಐ ಮುಗಿಸಿದ ಒಬ್ಬ ಹುಡುಗ ಬಂದ, ತುಮಕೂರು ಕಡೆಯವನು. ವರ್ನಿಯರ್ ಹಿಡಿಯಲು ಬರುತ್ತಿತ್ತು, ಆಫ್‌ಸೆಟ್ ಹಾಕಲು, ಅಂದರೆ ಟೂಲಿನ ಅಳತೆ ಮಷೀನ್‌ಗೆ ಹೇಳಲು, ಬರುತ್ತಿರಲಿಲ್ಲ. ಮೊದಲ ತಿಂಗಳಲ್ಲೇ ಲೋಹ ಕತ್ತರಿಸುವ ನಾಲ್ಕು ಇನ್ಸರ್ಟ್ ಮುರಿದ, ಒಂದು ಸಲ ಟೂಲ್ ಹಿಡಿಯುವ ಟರೆಟ್ ತಗೊಂಡು ಹೋಗಿ ಪೀಸ್ ಹಿಡಿಯುವ ಚಕ್‌ಗೇ ಹೊಡೆಸಿದ. ಬಿಡಲಿಲ್ಲ, ಪಕ್ಕ ನಿಂತು ಕಲಿಸಿದೆ. ಎರಡು ವರ್ಷಕ್ಕೆ ಡ್ರಾಯಿಂಗ್ ಕೊಟ್ಟರೆ ಸಾಕು, ಪ್ರೋಗ್ರಾಂ ತಾನೇ ಮಾಡಿ, ಮೊದಲ ಪೀಸಿನಲ್ಲೇ ಅಳತೆ ಹಿಡಿಯುತ್ತಿದ್ದ. ಒಂದು ಸೋಮವಾರ ಬರಲಿಲ್ಲ. ಎರಡು ಸಾವಿರ ಜಾಸ್ತಿ ಕೊಟ್ಟು ಹಿಂದಿನ ರಸ್ತೆಯವರು ಕರೆದುಕೊಂಡಿದ್ದರು. ಹುಡುಗನ ಮೇಲೆ ನನಗೆ ಸಿಟ್ಟಿಲ್ಲ, ಊರಲ್ಲಿ ಸಾಲ ಇತ್ತು. ಸಿಟ್ಟು ಮಾಡಿಕೊಳ್ಳುವ ಯೋಗ್ಯತೆಯೂ ಇಲ್ಲ ಅನ್ನಿ. ಮಾರನೇ ತಿಂಗಳು ನಾನೂ ಇನ್ನೊಬ್ಬರ ಶೆಡ್ಡಿಂದ ಒಬ್ಬ ಆಪರೇಟರ್‌ನ ಹಾಗೇ ಕರೆದುಕೊಂಡು ಬಂದೆ. ಹೀಗಾದರೆ ಕಲಿಸುವವನೇ ದಡ್ಡ ಆಗುತ್ತಾನೆ. ಕಲಿಸಿದವನೂ ಕಲಿಸದವನೂ ಇಬ್ಬರೂ ಕಟ್ಟುವ ದುಡ್ಡಿನಲ್ಲಿ ತರಬೇತಿ ನಡೆದರೆ ಈ ದಡ್ಡತನಕ್ಕೆ ಒಂದು ಲೆಕ್ಕ ಇರುತ್ತದೆ. ಕಡ್ಡಾಯದ ಪರವಾಗಿ ಇರುವ ಗಟ್ಟಿ ಮಾತು ಇದು, ನಾನು ಒಪ್ಪುತ್ತೇನೆ. ಆದರೆ ನಮ್ಮ ಸಭೆಯಲ್ಲಿ ತರಬೇತಿ ಅನ್ನುವ ಪದ ಒಂದು ಸಲವೂ ಬರಲಿಲ್ಲ. ಬಂದದ್ದು ಹೊಸ ಕಟ್ಟಡದ ವಿಷಯ.

ಜರ್ಮನಿಯ ಇನ್ನರ್ಧ ಕಥೆಯನ್ನು ಮೈಕ್ ಹಿಡಿದವರು ಹೇಳಲಿಲ್ಲ. ಪ್ರಾಯಶಃ ಅವರಿಗೂ ಗೊತ್ತಿರಲಿಲ್ಲ.

ಕಡ್ಡಾಯ ಅಂದ ಮೇಲೆ ಅಲ್ಲಿ ಛೇಂಬರ್‌ಗೂ ಮೂಗುದಾರ ಇದೆ. ಅದು ಕಾನೂನಿನಡಿ ಕೆಲಸ ಮಾಡುವ ಸಾರ್ವಜನಿಕ ಸಂಸ್ಥೆ, ಯಾರದೋ ಕ್ಲಬ್ ಅಲ್ಲ. ಆಡಳಿತ ಸಭೆಯನ್ನು ಸದಸ್ಯರೇ ಆರಿಸುತ್ತಾರೆ, ಜಾಸ್ತಿ ದುಡ್ಡು ಕಟ್ಟಿದವನಿಗೆ ಜಾಸ್ತಿ ಓಟು ಅಂತ ಇಲ್ಲ. ಶುಲ್ಕ ಸರಿಯಿಲ್ಲ ಅನ್ನಿಸಿದರೆ ಸದಸ್ಯ ಕೋರ್ಟಿಗೆ ಹೋಗುತ್ತಾನೆ, ಬಹಳ ಜನ ಹೋಗಿದ್ದಾರೆ ಕೂಡ. ಈ ಕಡ್ಡಾಯವೇ ತಪ್ಪು ಅಂತ ಎರಡು ಕಂಪನಿಗಳು ಅಲ್ಲಿನ ಸಂವಿಧಾನ ನ್ಯಾಯಾಲಯಕ್ಕೆ ಹೋದವು. 2017ರ ಜುಲೈ 12ರಂದು ನ್ಯಾಯಾಲಯ ಕಡ್ಡಾಯ ಸರಿ ಅಂತಲೇ ಹೇಳಿತು. ಆದರೆ ಜೊತೆಗೆ ಇನ್ನೊಂದು ಮಾತೂ ಹೇಳಿತು. ಎಲ್ಲರನ್ನೂ ಬಲವಂತವಾಗಿ ಸೇರಿಸಿಕೊಂಡ ಮೇಲೆ ಎಲ್ಲರ ಪರವಾಗಿ ಮಾತಾಡಬೇಕು, ಕಡಿಮೆ ಜನರ ಅಭಿಪ್ರಾಯವನ್ನು ತುಳಿಯುವಂತಿಲ್ಲ.

ಸುಮ್ನೆ ಬಾಯಿಮಾತಲ್ಲ ಅದು. ಮ್ಯೂನ್‌ಸ್ಟರ್ ಊರಿನ ಛೇಂಬರ್ ವ್ಯಾಪ್ತಿಯಲ್ಲಿ ಒಂದು ಗಾಳಿ ವಿದ್ಯುತ್ ಕಂಪನಿ ಇತ್ತು. ಎಲ್ಲ ಛೇಂಬರ್‌ಗಳ ಮೇಲೆ ಬರ್ಲಿನ್‌ನಲ್ಲಿ ಒಂದು ಒಕ್ಕೂಟ ಇದೆ. ಈ ಒಕ್ಕೂಟದವರು ಪರಿಸರ, ಇಂಧನ ನೀತಿ ಅಂತ ಒಂದೇ ಕಡೆ ವಾಲಿ ಮಾತಾಡುತ್ತಿದ್ದಾರೆ, ನನ್ನಿಂದ ದುಡ್ಡು ಕಿತ್ತು ನನ್ನ ಹೊಟ್ಟೆ ಮೇಲೇ ಹೊಡೆಯುತ್ತಿದ್ದಾರೆ ಅಂತ ಆ ಕಂಪನಿ ಕೇಸು ಹಾಕಿತು. ವರ್ಷಗಟ್ಟಲೆ ನಡೆಯಿತು. 2020ರ ಅಕ್ಟೋಬರ್‌ನಲ್ಲಿ ಅಲ್ಲಿನ ಉನ್ನತ ಆಡಳಿತ ನ್ಯಾಯಾಲಯ ತೀರ್ಪು ಕೊಟ್ಟಿತು, ಒಕ್ಕೂಟ ಅಧಿಕಾರ ಮೀರಿ ಮಾತಾಡಿದೆ, ಆದ್ದರಿಂದ ಮ್ಯೂನ್‌ಸ್ಟರ್ ಛೇಂಬರ್ ಆ ಒಕ್ಕೂಟ ಬಿಟ್ಟು ಹೊರಗೆ ಬರಬೇಕು ಅಂತ. ಒಬ್ಬ ಸದಸ್ಯ ಹಾಕಿದ ಕೇಸಿಗೆ ಇಡೀ ಛೇಂಬರ್ ಹೊರಗೆ! ಆಮೇಲೆ ಸರ್ಕಾರ ಕಾಯ್ದೆ ತಿದ್ದಿತು, 2023ರಿಂದ ಆ ಒಕ್ಕೂಟವೂ ಸಾರ್ವಜನಿಕ ಸಂಸ್ಥೆ ಆಯಿತು, 79 ಛೇಂಬರ್‌ಗಳೂ ಕಡ್ಡಾಯವಾಗಿ ಅದರೊಳಗೆ. ಹೊರಗೆ ಹೋದವರು ಹಿಂದಿನ ಬಾಗಿಲಿಂದ ಒಳಗೆ ಬಂದ ಹಾಗೆ. ಅಲ್ಲಿ ಎಲ್ಲ ಚಂದ ಅಂತ ನಾನೇನೂ ಹೇಳುತ್ತಿಲ್ಲ.

ಹ್ಯಾಂಬರ್ಗ್‌ನದ್ದು ಇನ್ನೂ ಮಜಾ. 1665ರಿಂದ ಬಂದ ಹಳೇ ವ್ಯಾಪಾರಿ ಮಂಡಳಿ ಅದು. 2017ರ ಚುನಾವಣೆಯಲ್ಲಿ ಕಡ್ಡಾಯ ಶುಲ್ಕ ತೆಗೆದು ಹಾಕುತ್ತೇವೆ ಅಂತ ಹೇಳಿಕೊಂಡು ಒಂದು ಬಂಡಾಯ ಗುಂಪು ನಿಂತಿತು, 58 ಸೀಟಿನಲ್ಲಿ 55 ಗೆದ್ದಿತು. ಕುರ್ಚಿ ಮೇಲೆ ಕೂತ ಮೇಲೆ ಗೊತ್ತಾಯಿತು, ಪರೀಕ್ಷೆ ನಡೆಸಬೇಕು, ಸಿಬ್ಬಂದಿಗೆ ಸಂಬಳ ಕೊಡಬೇಕು, ಶುಲ್ಕ ತೆಗೆದರೆ ದುಡ್ಡು ಎಲ್ಲಿಂದ? ಮಾತು ಉಳಿಸಿಕೊಳ್ಳಲು ಆಗಲಿಲ್ಲ. ಎರಡೇ ವರ್ಷದೊಳಗೆ ಅಧ್ಯಕ್ಷರು ರಾಜೀನಾಮೆ ಕೊಟ್ಟರು. ಆದರೂ ನನಗೆ ಇಷ್ಟವಾದ ವಿಷಯ ಅಂದರೆ, ಸದಸ್ಯರು ಮನಸ್ಸು ಮಾಡಿದರೆ ಹಳಬರನ್ನೆಲ್ಲ ಒಂದೇ ಏಟಿಗೆ ಮನೆಗೆ ಕಳಿಸಲು ಅಲ್ಲಿ ಸಾಧ್ಯವಾಯಿತು. ನಮ್ಮ ಸಂಘಗಳ ಚುನಾವಣೆ ನೋಡಿದವರಿಗೆ ಈ ಮಾತಿನ ರುಚಿ ಗೊತ್ತಾಗುತ್ತದೆ. ನಾಮಪತ್ರ ಯಾರು ಹಾಕಬೇಕು ಅಂತ ಹಿಂದಿನ ದಿನ ರಾತ್ರಿನೇ ಹೋಟೆಲ್ಲಿನಲ್ಲಿ ತೀರ್ಮಾನ ಆಗಿರುತ್ತೆ, ಬೆಳಿಗ್ಗೆ 'ಅವಿರೋಧ ಆಯ್ಕೆ'.

ಬೇರೆ ದೇಶಗಳಲ್ಲಿ ಒಂದೊಂದು ಥರ. ಆಸ್ಟ್ರಿಯಾದವರು 2008ರಲ್ಲಿ ಛೇಂಬರ್‌ಗಳನ್ನು ಸಂವಿಧಾನದಲ್ಲೇ ಸೇರಿಸಿಬಿಟ್ಟರು. ಸ್ಲೊವೇನಿಯಾ 2006ರಲ್ಲಿ ಕಡ್ಡಾಯ ಬಿಟ್ಟಿತು. ಸ್ಪೇನ್ 2010ರ ಡಿಸೆಂಬರ್‌ನಲ್ಲಿ, ಆರ್ಥಿಕ ಸಂಕಟದ ನಡುವೆ, ಕಡ್ಡಾಯ ಶುಲ್ಕ ತೆಗೆಯಿತು. ಅಲ್ಲಿನ ಎಷ್ಟೋ ಛೇಂಬರ್‌ಗಳು ಆಮೇಲೆ ಜನರನ್ನು ಕೆಲಸದಿಂದ ತೆಗೆದು ಕಷ್ಟಪಟ್ಟವು. ಬ್ರಿಟನ್, ಅಮೆರಿಕದಲ್ಲಿ ನಮ್ಮ ಹಾಗೇ, ಇಷ್ಟ ಇದ್ದರೆ ಸೇರು.

ನಮ್ಮಲ್ಲಿ ನಿಜವಾಗಲೂ ಇಷ್ಟ ಇದ್ದರೆ ಸೇರು ಅಂತಿದೆಯಾ? ನನಗಂತೂ ಹಾಗೆ ಅನ್ನಿಸಲ್ಲ. ರಫ್ತು ಮಾಡುವವರನ್ನು ಕೇಳಿ. ವಿದೇಶ ವ್ಯಾಪಾರ ನೀತಿಯ ಸೌಲಭ್ಯ ಬೇಕು ಅಂದರೆ ಆರ್‌ಸಿಎಂಸಿ ಅಂತ ಒಂದು ಸರ್ಟಿಫಿಕೇಟ್ ಬೇಕು. ಬಿಡಿಸಿ ಹೇಳಿದರೆ ನೋಂದಣಿ ಮತ್ತು ಸದಸ್ಯತ್ವದ ಪ್ರಮಾಣಪತ್ರ. ನಿಮ್ಮ ಮಾಲು ಯಾವುದೋ ಆ ರಫ್ತು ಮಂಡಳಿಗೆ ಸದಸ್ಯ ಆಗಲೇಬೇಕು. ಕಾಫಿಗೆ ಕಾಫಿ ಮಂಡಳಿ, ಸಾಂಬಾರ ಪದಾರ್ಥಕ್ಕೆ ಅದರ ಮಂಡಳಿ, ಹೀಗೆ. ನಾನೂ ಒಂದಕ್ಕೆ ಸದಸ್ಯ. ದುಡ್ಡು ಕಟ್ಟುವ ದಿನ ಬಿಟ್ಟರೆ ಅದು ನನಗೆ ನೆನಪೇ ಇರಲ್ಲ, ಅವರಿಗೂ ನನ್ನ ನೆನಪಿಲ್ಲ. ಒಂದು ಸಲ ಹೊರದೇಶದ ಪಾರ್ಟಿ ದುಡ್ಡು ಕೊಡದೆ ಸತಾಯಿಸಿದಾಗ ಏನಾದರೂ ದಾರಿ ಹೇಳಿ ಅಂತ ಮೂರು ಮೇಲ್ ಹಾಕಿದೆ. ಮೂರನೇದಕ್ಕೆ ಉತ್ತರ ಬಂತು. ತೆರೆದು ನೋಡಿದರೆ ಮೇಳದಲ್ಲಿ ಸ್ಟಾಲ್ ಬುಕ್ ಮಾಡಿ ಅನ್ನುವ ಜಾಹೀರಾತು. ಕಡ್ಡಾಯದ ರುಚಿ ನನಗೆ ಇಷ್ಟು ಗೊತ್ತು.

ಇನ್ನು ಹೆಸರಿಗೆ ಸ್ವಯಂಪ್ರೇರಿತ, ಒಳಗೆ ಕಡ್ಡಾಯ ಅನ್ನುವ ಜಾತಿ ಒಂದಿದೆ. ನನ್ನ ಪ್ರಕಾರ ಇದು ಎಲ್ಲಕ್ಕಿಂತ ಕೆಟ್ಟದ್ದು. ಔಷಧ ವ್ಯಾಪಾರಿಗಳ ಸಂಘದಿಂದ ಎನ್‌ಒಸಿ ಅನ್ನುವ ಒಪ್ಪಿಗೆ ಪತ್ರ ತರದಿದ್ದರೆ ಹೊಸ ಸ್ಟಾಕಿಸ್ಟ್‌ಗೆ ಮಾಲು ಕೊಡದ ಪದ್ಧತಿ ದೇಶದ ಎಷ್ಟೋ ಕಡೆ ಇತ್ತು. ಇದು ತಪ್ಪು ಅಂತ ಭಾರತೀಯ ಸ್ಪರ್ಧಾತ್ಮಕ ಆಯೋಗ ಒಂದಾದ ಮೇಲೊಂದು ಆದೇಶ ಕೊಡಬೇಕಾಯಿತು. ನಮ್ಮ ರಾಜ್ಯದ್ದೇ ಬೇಕು ಅಂದರೆ ಡಬ್ಬಿಂಗ್ ಗಲಾಟೆ ನೆನಪು ಮಾಡಿಕೊಳ್ಳಿ. ಬೇರೆ ಭಾಷೆ ಸಿನಿಮಾ, ಧಾರಾವಾಹಿ ಕನ್ನಡಕ್ಕೆ ಡಬ್ ಆಗಬಾರದು ಅಂತ ಯಾವ ಕಾನೂನೂ ಇರಲಿಲ್ಲ. ಆದರೂ ದಶಕಗಟ್ಟಲೆ ಆಗಲಿಲ್ಲ. ಮಂಡಳಿ, ಸಂಘ, ಒಕ್ಕೂಟ ಎಲ್ಲ ಸೇರಿ ಬಿಡಲಿಲ್ಲ, ಅವರನ್ನು ಎದುರು ಹಾಕಿಕೊಂಡು ಚಿತ್ರರಂಗದಲ್ಲಿ ಬದುಕುವವರು ಯಾರು? ಕನ್ನಡ ಗ್ರಾಹಕರ ಕೂಟ ದೂರು ಕೊಟ್ಟಿತು. 2015ರ ಜುಲೈನಲ್ಲಿ ಆಯೋಗ ಈ ತಡೆ ಸ್ಪರ್ಧೆಗೆ ವಿರುದ್ಧ ಅಂತ ಹೇಳಿ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಗೂ ದಂಡ ಹಾಕಿತು. ಡಬ್ಬಿಂಗ್ ಬೇಕೋ ಬೇಡವೋ, ಅದು ಬೇರೆ ಜಗಳ, ನಮ್ಮ ಮನೆಯಲ್ಲೇ ಎರಡು ಪಾರ್ಟಿ ಇದೆ. ನಾನು ಹೇಳುವುದು ಇಷ್ಟೇ, ಕಾನೂನಿನ ಬಲ ಇಲ್ಲದೆಯೇ ಒಂದು ಸಂಘ ಇಷ್ಟು ಮಾಡಬಲ್ಲದು ಅಂದರೆ, ಕಾನೂನಿನ ಬಲವೂ ಕೈಗೆ ಬಂದರೆ?

ಇನ್ನೊಂದು ಪ್ರಶ್ನೆ. ಕಡ್ಡಾಯ ಅಂದರೆ ಯಾವ ಛೇಂಬರ್‌ಗೆ? ಬೆಂಗಳೂರಿನಲ್ಲಿರುವ ರಾಜ್ಯದ ಛೇಂಬರ್‌ಗಳ ಒಕ್ಕೂಟ ಎಫ್‌ಕೆಸಿಸಿಐ ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1916ರಲ್ಲಿ ಮೈಸೂರು ಛೇಂಬರ್ ಅಂತ ಶುರುವಾದದ್ದು. ಹುಬ್ಬಳ್ಳಿಯದು 1928ರದ್ದು, ಮಂಗಳೂರಿನ ಕೆನರಾ ಛೇಂಬರ್ 1940. ಸಣ್ಣ ಕೈಗಾರಿಕೆಯವರ ಕಾಸಿಯಾ 1949. ಯಾರೂ ಬಲವಂತ ಮಾಡದೆ, ಆಯಾ ಊರಿನ ವ್ಯಾಪಾರಿಗಳು ತಮ್ಮ ಕೈಯಿಂದ ಹಾಕಿ ಕಟ್ಟಿದ್ದು ಇವು. 2023ರಲ್ಲಿ ಕರೆಂಟ್ ದರ ಏರಿದಾಗ ಜೂನ್ 22ಕ್ಕೆ ಬಂದ್ ಮಾಡೋಣ ಅಂತ ಕರೆ ಕೊಟ್ಟದ್ದು ಹುಬ್ಬಳ್ಳಿಯ ಛೇಂಬರ್. ರಾಜ್ಯದ ಎಲ್ಲ ಸಂಘಗಳೂ ಅದಕ್ಕೆ ಕೈಜೋಡಿಸಲಿಲ್ಲ. ಕೈಜೋಡಿಸಬೇಕಿತ್ತು ಅಂತ ನನಗೆ ಆಗ ಅನ್ನಿಸಿತ್ತು. ಈಗ ಯೋಚನೆ ಮಾಡಿದರೆ, ರಾಜ್ಯಕ್ಕೆಲ್ಲ ಒಂದೇ ಕಡ್ಡಾಯ ಛೇಂಬರ್ ಇದ್ದು, ಅದರ ಜುಟ್ಟು ಸರ್ಕಾರದ ಕೈಯಲ್ಲಿ ಇದ್ದಿದ್ದರೆ, ಬಂದ್ ಅನ್ನುವ ಮಾತೇ ಯಾರ ಬಾಯಲ್ಲೂ ಬರುತ್ತಿರಲಿಲ್ಲ. ದುಡ್ಡು ವಸೂಲಿ ಮಾಡಿಕೊಡುವ ಸರ್ಕಾರದ ವಿರುದ್ಧ ಯಾರು ಬೀದಿಗೆ ಇಳಿಯುತ್ತಾರೆ ಹೇಳಿ.

ಮನವಿ ಕೊಡಲು ಹೊರಟವರಿಗೆ ಒಂದು ಮಾತು. ಕಡ್ಡಾಯ ಬೇಕಾದರೆ ಮೂಗುದಾರವನ್ನೂ ಜೊತೆಗೇ ಕೇಳಿ. ಲಾಭ ನೋಡಿ ಶುಲ್ಕ ಹಾಕಿ, ತಳ್ಳುಗಾಡಿಯವನನ್ನೂ ಒಂದು ಲೇತ್ ಇಟ್ಟುಕೊಂಡವನನ್ನೂ ಬಿಡಿ. ಒಬ್ಬನಿಗೆ ಒಂದೇ ಓಟು, ಬೇರೆಯವರ ಪರವಾಗಿ ಪ್ರಾಕ್ಸಿ ಓಟು ಕಟ್ಟು ಕಟ್ಟು ತಂದು ಹಾಕುವ ಆಟ ನಿಲ್ಲಬೇಕು. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದರೆ ಉತ್ತರ ಕೊಡಬೇಕು. ಹುಡುಗರ ಪರೀಕ್ಷೆ, ಸರ್ಟಿಫಿಕೇಟ್ ಜವಾಬ್ದಾರಿ ಹೊತ್ತುಕೊಳ್ಳಬೇಕು. ಚುನಾವಣೆ ಹೊತ್ತಿಗೆ ಯಾವುದೋ ಪಕ್ಷದ ನಾಯಕರಿಗೆ ಶಾಲು ಹೊದಿಸಿ ಫೋಟೊ ಹಾಕಿದರೆ ನಾನು ಕೋರ್ಟಿಗೆ ಹೋಗುವ ಹಾಗಿರಬೇಕು. ಇದಕ್ಕೆಲ್ಲ ಒಪ್ಪುತ್ತಾರಾ? ಮೊನ್ನೆ ಸಿಕ್ಕಾಗ ಆ ಹಿರಿಯರನ್ನೇ ಕೇಳಿದೆ. "ಅದೆಲ್ಲ ಆಮೇಲೆ ನೋಡೋಣಪ್ಪ, ಮೊದಲು ಕಡ್ಡಾಯ ಆಗಲಿ" ಅಂದರು. ಒಳ್ಳೆ ಮನುಷ್ಯರೇ, ಸಂಘಕ್ಕೆ ಬಹಳ ಓಡಾಡಿದ್ದಾರೆ. ಆದರೆ ಆಮೇಲೆ ಅನ್ನುವುದು ಯಾವತ್ತೂ ಬರಲ್ಲ.

ಅಲ್ಲಿವರೆಗೆ ಈಗಿರುವ ಪದ್ಧತಿಯೇ ಸಾಕು ಅನ್ನುವವನು ನಾನು. ಪಕ್ಕದ ಶೆಡ್ಡಿನವನು ಸೇರಬೇಕಾದರೆ ಸೇರುವ ಹಾಗೆ ಏನಾದರೂ ಮಾಡಿ ತೋರಿಸಬೇಕು. ಕಲಿಯಲು ಬಂದ ಹುಡುಗರಿಗೆ ವಾರಕ್ಕೊಂದು ಸಂಜೆ ಪ್ರೋಗ್ರಾಮಿಂಗ್ ಕ್ಲಾಸ್ ಇಡಲಿ, ನಾನೇ ಬಂದು ಆಫ್‌ಸೆಟ್ ಹೇಳಿಕೊಡುತ್ತೇನೆ. ಬಾಕಿ ದುಡ್ಡು ಕೊಡದೆ ಸತಾಯಿಸುವ ಪಾರ್ಟಿಗಳ ಮೇಲೆ ಸರ್ಕಾರದ ಪೋರ್ಟಲ್‌ನಲ್ಲಿ ದೂರು ಹಾಕಲು ಒಬ್ಬ ಗುಮಾಸ್ತನನ್ನು ಕೂರಿಸಲಿ. ಅಷ್ಟು ಮಾಡಿದರೆ ಪಕ್ಕದವನನ್ನು ನಾನೇ ಸ್ಕೂಟರ್ ಹಿಂದೆ ಕೂರಿಸಿಕೊಂಡು ಬಂದು ಸದಸ್ಯ ಮಾಡಿಸುತ್ತೇನೆ.

ನನ್ನ ಈ ವರ್ಷದ ಚೆಕ್ ಬರೆದಿಟ್ಟಿದ್ದೇನೆ. 3,540 ರೂಪಾಯಿ, ಜಿಎಸ್‌ಟಿ ಸೇರಿ. ಹೋದ ವರ್ಷದ ಆಡಿಟ್ ಆದ ಲೆಕ್ಕ ಇನ್ನೂ ಬಂದಿಲ್ಲ, ಎರಡು ಸಲ ಫೋನ್ ಮಾಡಿದ್ದೇನೆ. ಬಂದ ದಿನವೇ ಚೆಕ್ ಕಳಿಸುತ್ತೇನೆ.

ಇಂತಿ,
ಒಬ್ಬ ಸಣ್ಣ ಕೈಗಾರಿಕೆ ಮಾಲೀಕ
ಪೀಣ್ಯ, ಬೆಂಗಳೂರು